ಜೋಳದ ಕಾಳಿನಷ್ಟು ವೈರಿ

ಮಲಪ್ರಭೆಯ ದಂಡೆಯ ಮೇಲೆ ಮೌನೇಶಾಚಾರ್ಯರ ಚಪ್ಪರ. ಕಲ್ಲು ಕೆತ್ತುವುದನ್ನು ಅಲ್ಲಿ ಕಲಿಸುತ್ತಿದ್ದರು. ಹನ್ನೆರಡು ವರ್ಷ ಸೈನ್ಯದಲ್ಲಿದ್ದು ಬಂದ ನಿಜಗುಣ ಅವರ ಶಿಷ್ಯನಾದ. ಉಳಿ ಕೈಗೆ ಒಗ್ಗಿದ ಮೇಲೆ ಅವನು ಗುರುಗಳಲ್ಲಿ ಬೇಡಿದ್ದು ಒಂದೇ ಕಲ್ಲು.

ಗಡಿಯಲ್ಲಿ ಸತ್ತ ಗೆಳೆಯ ಲಕ್ಕಪ್ಪನಿಗೆ ವೀರಗಲ್ಲು ನಿಲ್ಲಿಸಬೇಕಿತ್ತು. ಲಕ್ಕಪ್ಪನ ತಾಯಿ ಗಂಗವ್ವ ಇನ್ನೂ ಅತ್ತಿರಲಿಲ್ಲ. ಮಗನನ್ನು ಕೊಂದವನ ಮುಖ ಕಲ್ಲಿನಲ್ಲಿರಲಿ, ಅದನ್ನು ನೋಡಿಯೇ ಅಳುತ್ತೇನೆ ಎಂದಿದ್ದಳು. ಕಲ್ಲು ಮುಗಿಯುವ ಹೊತ್ತಿಗೆ ಅವಳು ಬರುವವಳಿದ್ದಳು.

ನಿಜಗುಣ ಹಳೆಯ ವೀರಗಲ್ಲುಗಳಂತೆಯೇ ಕೆತ್ತಿದ. ಮೇಲೆ ಶಿವನ ಸನ್ನಿಧಿ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಕೆಳಗೆ ಕಾಳಗ. ಕಾಳಗದಲ್ಲಿ ಕುದುರೆ ಏರಿದ ಲಕ್ಕಪ್ಪ, ಎದುರಿಗೆ ಹುರಿಮೀಸೆಯ ವೈರಿ. ಆ ಮೀಸೆಗೇ ಎರಡು ದಿನ ಹಿಡಿದಿತ್ತು.

ಗುರುಗಳು ಬಗ್ಗಿ ನೋಡಿದರು.

“ಲಕ್ಕಪ್ಪ ಕುದುರಿ ಹತ್ತತಿದ್ದನೇನ?”

“ಇಲ್ರೀ ಅಜ್ಜಾರ.”

“ಈ ಮೀಸಿ ಎಲ್ಲಿ ನೋಡಿದಿ?”

“ಟಿವ್ಯಾಗ್ರೀ.”

ಗುರುಗಳು ಸುತ್ತಿಗೆ ಎತ್ತಿ ಕೆಳಗಿನ ಕಾಳಗವನ್ನಷ್ಟೇ ಒಡೆದು ಸಪಾಟು ಮಾಡಿದರು.

“ಕಂಡದ್ದ ಕೆತ್ತು,” ಎಂದರು.

ಅವನು ಕಂಡದ್ದಾದರೂ ಏನು? ಅವನೂ ಲಕ್ಕಪ್ಪನೂ ನೆಲದಡಿಯ ಕೋಣೆಯಲ್ಲಿ ಡ್ರೋನ್ ಹಾರಿಸುತ್ತ ಒಂದು ಪರದೆಯ ಮುಂದೆ ಕೂತವರು. ಕಪ್ಪು ಪರದೆಯ ಮೇಲೆ ಮೈ ಬೆಚ್ಚಗಿರುವ ಮನುಷ್ಯರೆಲ್ಲ ಬಿಳಿ ಚುಕ್ಕೆಗಳು. ಗುಂಡಿ ಒತ್ತಿದರೆ ಚುಕ್ಕೆ ಆರುತ್ತಿತ್ತು. ಒಮ್ಮೆ ಒಂದು ಚುಕ್ಕೆ ಓಡದೆ ನಿಂತಿತು. ತಲೆಯೆತ್ತಿ ತನ್ನನ್ನೇ ನೋಡಿತೆಂದು ಅವನಿಗೆ ಅನಿಸಿತು. ಅದನ್ನೂ ಆರಿಸಿದ. ಮರುದಿನ ಲಕ್ಕಪ್ಪ ಉಂಡ ತಟ್ಟೆ ತೊಳೆಯಲು ಹೊರಗೆ ಹೋದ. ಆ ಕಡೆಯೂ ಯಾರೋ ಪರದೆಯ ಮುಂದೆ ಕೂತಿದ್ದರು.

ಇಷ್ಟನ್ನೂ ಗುರುಗಳಿಗೆ ಹೇಳಿ, ನಿಜಗುಣ ಬರಿದಾದ ಜಾಗದಲ್ಲಿ ಆ ನಿಂತ ಚುಕ್ಕೆಯನ್ನು ಕೆತ್ತಿದ. ಜೋಳದ ಕಾಳಿನಷ್ಟೇ ಇತ್ತು.

“ಕಣ್ಣ ತೆರಸು,” ಎಂದರು ಗುರುಗಳು.

ಮೂರ್ತಿಗೆ ಕಣ್ಣು ತೆರೆಸುವುದು ಎಲ್ಲ ಮುಗಿದ ಮೇಲೆ. ಅದರ ಮೊದಲ ನೋಟ ಉಗ್ರ. ಶಿಲ್ಪಿ ಅದನ್ನು ನೇರ ನೋಡಬಾರದೆಂದು ಎದುರಿಗೆ ಕನ್ನಡಿ ಹಿಡಿಯುತ್ತಾರೆ.

“ಈ ಕಾಳಿಗೆ ಕಣ್ಣೆಲ್ಲಿ ಅದಾವ್ರೀ?”

“ನಿನ್ನ ನೋಡಿತ್ತಲ್ಲ.”

ಗುರುಗಳು ಕನ್ನಡಿ ಹಿಡಿದರು. ನಿಜಗುಣ ಕಲ್ಲಿನ ಪಕ್ಕಕ್ಕೆ ನಿಂತು, ಕನ್ನಡಿಯಲ್ಲೇ ನೋಡುತ್ತ, ಸಣ್ಣ ಉಳಿಯಿಂದ ಒಂದು ಪೆಟ್ಟು ಹಾಕಿದ.

ಹೊಳೆಯ ಸದ್ದು ನಿಂತಿತು.

ಕನ್ನಡಿಯಲ್ಲಿ ಕಲ್ಲಿತ್ತು. ಚಪ್ಪರದ ಗಳುಗಳಿದ್ದವು. ಗೂಟಕ್ಕೆ ಸಿಕ್ಕಿಸಿದ ಅವನ ಅಂಗಿಯೂ ಇತ್ತು. ಅವನಿರಲಿಲ್ಲ. ಅವನು ನಿಂತ ಜಾಗದಲ್ಲಿ ಒಂದು ಬಿಳಿ ಕಾಳು. ನಿಜಗುಣ ಒಂದು ಹೆಜ್ಜೆ ಸರಿದ. ಕಾಳೂ ಸರಿಯಿತು.

ಅವನಿಗೆ ಹನ್ನೆರಡು ವರ್ಷದಲ್ಲಿ ಆಗದಷ್ಟು ಭಯವಾಯಿತು.

“ಅಜ್ಜಾರ, ನನ್ನ ಮುಖ ಕಾಣವಲ್ದು.”

ಗುರುಗಳು ಕನ್ನಡಿ ಇಳಿಸಲಿಲ್ಲ.

“ನಾಡಿದ್ದ ಗಂಗವ್ವ ಬರ್ತಾಳ್ರೀ. ಆಕಿಗೆ ಯಾರ ಮುಖ ತೋರಸಲಿ?”

“ಮೊದಲ ನಿನ್ನ ಮುಖ ತೊಳಕೊಂಡು ಬಾ ತಮ್ಮಾ. ಆ ಕಡೆನೂ ಒಬ್ಬಾಕಿ ತಾಯಿ, ಮಗನ್ನ ಕೊಂದಾವನ ಮುಖ ಬೇಕಂತ, ಕಲ್ಲ ಕೆತ್ತಸಾಕತ್ತಾಳ.”