ಒಲ್ಲೆ ಎನ್ನುವ ಎಳೆ

ಕೃಷ್ಣೆಯ ದಡದ ಆ ಮಠಕ್ಕೆ ಗೋಪುರವಿರಲಿಲ್ಲ. ಇದ್ದದ್ದು ಬೇವಿನ ಮರಕ್ಕಿಂತ ಎತ್ತರದ ಒಂದು ಆಂಟೆನಾ ಕಂಬ.

ಮಠದ ಸ್ವಾಮಿ ಅಡವಯ್ಯ ಅಜ್ಜಾರು ಕಾವಿ ಉಡುವ ಮೊದಲು ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿದ್ದವರು. ಹಡಗು ಬಿಟ್ಟರು, ಸಂಸಾರ ಬಿಟ್ಟರು, ರೇಡಿಯೋ ಮಾತ್ರ ಬಿಡಲಿಲ್ಲ. ಹೊಳೆ ಏರಿದರೆ ಮೊದಲು ಕರೆಂಟು ಹೋಗುತ್ತಿತ್ತು, ಆಮೇಲೆ ಮೊಬೈಲು. ಆಗ ಸುತ್ತಲಿನ ಹಳ್ಳಿಗಳಿಗೆ ಉಳಿಯುತ್ತಿದ್ದುದು ತಂತಿಯಿಲ್ಲದೆ ದೂರದೂರಿನವರ ಜೊತೆ ಮಾತಾಡುವ ಮಠದ ಹ್ಯಾಮ್ ರೇಡಿಯೋ ಒಂದೇ.

ಅದರ ದನಿಯನ್ನು ದೊಡ್ಡದು ಮಾಡಿ ದೂರಕ್ಕೆ ಕಳಿಸುತ್ತಿದ್ದುದು ಪಕ್ಕದ ಆಂಪ್ಲಿಫೈಯರ್. ಅಜ್ಜಾರು ಕೈಯಾರೆ ಕಟ್ಟಿದ ಕಬ್ಬಿಣದ ಪೆಟ್ಟಿಗೆ. ಒಳಗೆ ದನಿಗೆ ಬಲ ತುಂಬುವ, ಬಲ್ಬಿನಂತೆ ಬೆಳಗುವ, ತಂಬಿಗೆಯಷ್ಟು ದಪ್ಪದ ಗಾಜಿನ ವಾಲ್ವ್. ಅಂಥದ್ದು ಈಗ ಹುಡುಕಿದರೂ ಸಿಗದು. ಮಠದಲ್ಲಿ ಉಳಿದಿದ್ದವು ಎರಡೇ. ಒಂದು ಪೆಟ್ಟಿಗೆಯಲ್ಲಿ, ಇನ್ನೊಂದು ಹತ್ತಿಯಲ್ಲಿ ಸುತ್ತಿ ಗೂಡಿನಲ್ಲಿ.

ಶಿಷ್ಯೆಯ ಹೆಸರು ನೀಲಗಂಗಾ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಗೊತ್ತಾದ ಮದುವೆಗೆ ಒಪ್ಪದೆ, ಮನೆಯಲ್ಲಿ ಜಗಳ ತೆಗೆದು ಬಂದವಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎದುರಾಡದೆ ಅವಳು ಯಾರದಾದರೂ ಮಾತು ಕೇಳುತ್ತಿದ್ದರೆ ಅದು ಅಜ್ಜಾರದ್ದು ಮಾತ್ರ.

ಅವಳಿಗೆ ಬೇಕಾಗಿದ್ದದ್ದು ರೇಡಿಯೋದ ಮುಂದಿನ ಮರದ ಕುರ್ಚಿ. ಪರೀಕ್ಷೆ ಬರೆದು ಲೈಸೆನ್ಸು ಪಡೆದಿದ್ದಳು. ಅಜ್ಜಾರ ನಂತರ ಆ ಕುರ್ಚಿಯಲ್ಲಿ ತಾನೇ ಕೂರಬೇಕು ಎಂದು ಹಟ ಹಿಡಿದಿದ್ದಳು.

“ಕುರ್ಚಿ ನನಗ ಯಾವಾಗ ಕೊಡ್ತೀರಿ, ಅಜ್ಜಾರ?”

“ಮೊದಲ ಫ್ಯೂಸ್ ಮಾಡೂದು ಕಲಿ.”

ಮಠದಲ್ಲಿ ಫ್ಯೂಸನ್ನು ಕೈಯಲ್ಲೇ ಮಾಡುತ್ತಿದ್ದರು. ವೈರಿನೊಳಗಿಂದ ಕೂದಲಿನಷ್ಟು ಸಣ್ಣ ತಾಮ್ರದ ಎಳೆಯನ್ನು ಬಿಡಿಸಿ, ಗಾಜಿನ ಕೊಳವೆಯಲ್ಲಿ ತೂರಿಸಿ, ಎರಡೂ ತುದಿ ಬೆಸೆಯಬೇಕು. ವಾಲ್ವಿಗೆ ಹೋಗುವ ಸಾವಿರಾರು ವೋಲ್ಟಿನ ಕರೆಂಟು ಆ ಎಳೆಯನ್ನು ದಾಟಿಯೇ ಹೋಗಬೇಕು. ಪವರ್ ಮಿತಿ ಮೀರಿದರೆ, ಒಳಗೆ ಏನಾದರೂ ಕೆಟ್ಟರೆ, ಮೊದಲು ಕಡಿಯುವುದು ಅದೇ. ಬೆಳಗಿನ ಪೂಜೆಯ ಬಳಿಕ ಬೇರೆ ಮಠಗಳಲ್ಲಿ ಜಪಕ್ಕೆ ಕೂರುತ್ತಾರೆ. ಇಲ್ಲಿ ಫ್ಯೂಸ್ ಮಾಡಲು ಕೂರುತ್ತಿದ್ದರು.

ನೀಲಗಂಗಾಗೆ ಆ ಎಳೆ ಕಂಡರಾಗದು. ದೂರದ ದೇಶದವರ ಜೊತೆ ಮಾತಾಡುವಾಗ ಹುರುಪಿನಲ್ಲಿ ಪವರ್ ಏರಿಸುವಳು. ಮಾತಿನ ನಡುವೆ ಚಟ್ಟೆಂದು ಎಳೆ ಕಡಿಯುವುದು.

“ಎಂಥಾ ಅಂಜುಬುರುಕ ಐತ್ರಿ ಇದು!” ಎಂದಳು ಒಮ್ಮೆ.

“ಅಂಜುಬುರುಕ ಆಗಿದ್ರ ಓಡಿ ಹೋಗ್ತಿತ್ತವ್ವಾ. ಇದು ನಿಂತಲ್ಲೇ ಸಾಯ್ತೈತಿ,” ಎಂದರು ಅಜ್ಜಾರು.

ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ. ಮರುದಿನ ಅಜ್ಜಾರು ಹೊಳೆಗೆ ಹೋದಾಗ ಎಳೆಯನ್ನು ಕಿತ್ತು, ಕಡ್ಡಿಯಷ್ಟು ದಪ್ಪದ ತಾಮ್ರದ ತಂತಿ ಹಾಕಿಬಿಟ್ಟಳು. ಆಮೇಲೆ ಎಷ್ಟು ಏರಿಸಿದರೂ ಮಾತು ಕಡಿಯಲಿಲ್ಲ. ಗೆದ್ದೆ ಅಂದುಕೊಂಡಳು.

ಅಜ್ಜಾರು ಬಂದು ಪೆಟ್ಟಿಗೆಯ ಜಾಲರಿಯಲ್ಲಿ ಇಣುಕಿದರು.

“ಚಲೋ ದಪ್ಪ ಐತಿ. ಕುಂಡರು. ಪವರ್ ಏರಿಸು.”

ನೀಲಗಂಗಾ ಏರಿಸಿದಳು.

“ಇನ್ನಷ್ಟು.”

ಮೀಟರಿನ ಮುಳ್ಳು ಕೆಂಪು ಗೆರೆಗೆ ತಾಗಿತು. ಅವಳು ಅಜ್ಜಾರ ಮುಖ ನೋಡಿದಳು. ಅವರು ಹೊಳೆಯ ಕಡೆ ನೋಡುತ್ತಿದ್ದರು.

“ಇನ್ನಷ್ಟು.”

ಇದು ತಪ್ಪು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೈ ತಿರುಗಿತು.

ಗಾಜಿನೊಳಗೆ ನೀಲಿ ಮಿಂಚು ಹೊಡೆಯಿತು. ಪೆಟ್ಟಿಗೆ ಪಟಾಕಿಯ ಹಾಗೆ ಸಿಡಿದು, ಕೋಣೆಯ ತುಂಬ ಸುಟ್ಟ ವಾಸನೆ ತುಂಬಿತು. ವಾಲ್ವ್ ಬಿರುಕು ಬಿಟ್ಟು ಕಪ್ಪಗಾಗಿತ್ತು.

“ನೀವೇ ಏರಿಸು ಅಂದ್ರಿ!” ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ಹೌದು, ನಾನೇ ಅಂದೆ.”

“ತಪ್ಪು ಅಂತ ನಿಮಗ ಗೊತ್ತಿತ್ತು!”

“ನಿನಗ?”

ಅವಳು ಕಪ್ಪಗಾದ ವಾಲ್ವಿನ ಕಡೆ ನೋಡಿದಳು.

“ವಾಲ್ವಿನೊಳಗ ಮಿಂಚು ಹೊಡದ್ರ ಕೂಡಿಟ್ಟ ಕರೆಂಟೆಲ್ಲಾ ಒಮ್ಮೆಲೆ ನುಗ್ತೈತಿ. ಆಗ ಒಲ್ಲೆ ಅನ್ನಾಕ ಒಂದು ಎಳಿ ಇತ್ತು. ಅದನ್ನ ನೀ ಕಿತ್ತಿ. ಆಮ್ಯಾಲೆ ಒಲ್ಲೆ ಅನ್ನಾಕ ಉಳದಾಕಿ ನೀ ಒಬ್ಬಾಕಿ. ನಿನಗ ಬಾಯಿ ಇದ್ದಿಲ್ಲೇನು?”

“ಗುರುವಿಗೆ ಒಲ್ಲೆ ಅಂತ ಹೆಂಗ ಅನ್ನೂದ್ರಿ?”

ಅಜ್ಜಾರು ಗೂಡಿನಿಂದ ಕೊನೆಯ ವಾಲ್ವನ್ನು ತೆಗೆದು ಅವಳ ಮಡಿಲಲ್ಲಿಟ್ಟು ಹೊರಟುಹೋದರು.

ನೀಲಗಂಗಾ ಹಲ್ಲು ಕಚ್ಚಿಕೊಂಡು ಪೆಟ್ಟಿಗೆಯನ್ನು ಮತ್ತೆ ಕಟ್ಟಿದಳು. ಎಳೆಯನ್ನು ಅದರ ಜಾಗಕ್ಕೆ ಹಾಕಿದಳು. ನುಗ್ಗುವ ಕರೆಂಟಿಗೆ ಅಡ್ಡ ನಿಲ್ಲಲೆಂದು ದಪ್ಪ ರೆಸಿಸ್ಟರ್ ಒಂದನ್ನೂ ಸೇರಿಸಿದಳು. ಅಜ್ಜಾರ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ.

ಮಳೆಗಾಲ ಬಂತು. ಮೇಲಿನ ಅಣೆಕಟ್ಟೆಯ ಗೇಟು ತೆಗೆದರು. ಮಧ್ಯಾಹ್ನದ ಹೊತ್ತಿಗೆ ಹೊಳೆ ಮಠದ ಮೆಟ್ಟಿಲು ನುಂಗಿತ್ತು. ಎದುರಿನ ನಡುಗಡ್ಡೆಯಲ್ಲಿ ಕುರಿಗಾರರು ಸಿಕ್ಕಿಕೊಂಡು ಕಂಬಳಿ ಬೀಸುತ್ತಿದ್ದರು. ಮೊಬೈಲು ಸತ್ತಿತ್ತು. ದೂರದ ಊರಿನ ಹ್ಯಾಮ್ ಕೇಂದ್ರಕ್ಕೆ ಕೂಗಿ ರಕ್ಷಣಾ ದೋಣಿ ತರಿಸಬೇಕು. ಬೇರೆ ದಾರಿ ಇರಲಿಲ್ಲ.

ಜನರೇಟರ್ ಹಚ್ಚಿದರು. ಗುಡುಗು ಮಿಂಚಿನ ಗರಗರದಲ್ಲಿ ರೇಡಿಯೋದ ಸಣ್ಣ ದನಿ ಯಾರಿಗೂ ಕೇಳಿಸಲಿಲ್ಲ. ನೀಲಗಂಗಾ ಆಂಪ್ಲಿಫೈಯರಿನ ಸ್ವಿಚ್ ಒತ್ತಿದಳು.

ಚಟ್. ಎಳೆ ಕಡಿಯಿತು.

ಕರೆಂಟು ಇಳಿಸಿ ಹೊಸದು ಹಾಕಿದಳು. ಒತ್ತಿದ ಕೂಡಲೇ ಅದೂ ಕಡಿಯಿತು.

ಮಠದ ಟ್ರಸ್ಟಿನ ಹಿರಿಯ ಬಸಲಿಂಗನಗೌಡರು ಬಾಗಿಲಲ್ಲಿ ತೊಯ್ದು ನಿಂತಿದ್ದರು. ಕುರಿಗಾರರ ಜೊತೆ ಅವರ ತಮ್ಮನೂ ನಡುಗಡ್ಡೆಯಲ್ಲಿದ್ದ.

“ದಪ್ಪ ತಂತಿ ಹಾಕಿದ್ದಿ ಅಂತಲ್ಲ, ಅದನ್ನ ಹಾಕು!” ಎಂದು ಗದರಿದರು.

“ನಾ ಇನ್ನೂ ಪವರ್ ಏರಿಸೇ ಇಲ್ರಿ. ಆದ್ರೂ ಕಡೀತು ಅಂದ್ರ ಒಳಗ ಏನೋ ಕೆಟ್ಟೈತಿ. ಈಗ ತಂತಿ ಹಾಕಿದ್ರ ಪೆಟ್ಟಿಗಿನೂ ಸುಡತೈತಿ, ಕಡೀ ವಾಲ್ವೂ ಸುಡತೈತಿ.”

“ಅಲ್ಲಿ ಜೀವ ಹೊಂಟಾವ, ನೀ ವಾಲ್ವ್ ಅಂತೀಯಲ್ಲ!”

ಅಷ್ಟರಲ್ಲಿ ಅಜ್ಜಾರು ದಡದಿಂದ ಬಂದರು. ಕಾವಿಯಿಂದ ನೀರು ಸೋರುತ್ತಿತ್ತು. ನಡುಗಡ್ಡೆಯ ಕೂಗು ಅವರ ಕಿವಿಯಲ್ಲೇ ಇದ್ದಂತಿತ್ತು.

“ನೀಲಗಂಗಾ, ತಂತಿ ಹಾಕು.”

ಅವಳು ತಿರುಗಿ ನೋಡಿದಳು. ದಪ್ಪ ತಂತಿಯನ್ನು ಅಜ್ಜಾರೇ ಹುಡುಕಿ ತೆಗೆದು ಅವಳ ಮುಂದೆ ಹಿಡಿದಿದ್ದರು. ಇದು ಪರೀಕ್ಷೆಯೋ, ಅಜ್ಜಾರೇ ಕಂಗೆಟ್ಟರೋ ಅವಳಿಗೆ ತಿಳಿಯಲಿಲ್ಲ. ಅವರು ಹೀಗೆ ಅವಸರಪಟ್ಟದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಭಯವಾಯಿತು. ಈಗ ಎದುರಾಡಿದರೆ ಕುರ್ಚಿಯೂ ಇಲ್ಲ, ಮಠವೂ ಇಲ್ಲ ಅನ್ನಿಸಿತು.

“ಒಲ್ಲೆ,” ಎಂದಳು.

“ನಾ ಹೇಳಾಕತ್ತೀನಿ.”

“ನೀವ ಹೇಳ್ರಿ, ನಿಮ್ಮ ಗುರುಗಳೇ ಎದ್ದು ಬಂದು ಹೇಳ್ಲಿ. ಒಲ್ಲೆ. ಅರ್ಧ ತಾಸು ನನಗ ಬಿಡ್ರಿ.”

ಗೌಡರು ಮುನ್ನುಗ್ಗಿ ಪೆಟ್ಟಿಗೆಗೆ ಕೈ ಹಾಕಲು ಹೋದರು. ನೀಲಗಂಗಾ ಮೂಲೆಯ ಬಿದಿರ ಕೋಲು ತೆಗೆದು ಅಡ್ಡ ಹಿಡಿದಳು. ತುದಿಯಲ್ಲಿ ತಾಮ್ರದ ಕೊಕ್ಕೆ, ಅದರಿಂದ ನೆಲಕ್ಕೆ ಹೂತ ತಂತಿ. ಸ್ವಿಚ್ ಆರಿಸಿದ ಮೇಲೂ ಪೆಟ್ಟಿಗೆಯಲ್ಲಿ ಆಳನ್ನು ಕೆಡವುವಷ್ಟು ಕರೆಂಟು ಉಳಿದಿರುತ್ತದೆ. ಈ ಕೋಲು ಮುಟ್ಟಿಸಿ ಅದನ್ನು ಭೂಮಿಗೆ ಇಳಿಸದೆ ಒಳಗೆ ಕೈ ಹಾಕುವಂತಿಲ್ಲ.

“ಕೋಲು ಮುಟ್ಟಿಸದ ಕೈ ಹಾಕಿದ್ರ ಇಲ್ಲೇ ಹೆಣಾ ಬೀಳ್ತೈತಿ, ಗೌಡ್ರ. ನಿಮ್ಮ ತಮ್ಮ ಬಂದು ಅಣ್ಣ ಎಲ್ಲಿ ಅಂದ್ರ ನಾ ಏನ್ ಹೇಳ್ಲಿ?”

ಗೌಡರು ಹಿಂದೆ ಸರಿದರು. ಅಜ್ಜಾರು ಕುರ್ಚಿಯಲ್ಲಿ ಕುಸಿದು ಕೂತರು.

ಸ್ವಿಚ್ ಆರಿಸಿ ಕೋಲು ಮುಟ್ಟಿಸಿದಳು. ಒಳಗೆ ಛಟೀರ್ ಎಂದಿತು. ಮುಚ್ಚಳ ತೆಗೆದು, ಬ್ಯಾಟರಿ ಹಿಡಿದು ಒಂದೊಂದೇ ತಂತಿ ನೋಡುತ್ತ ಹೋದಳು. ಹೊರಗೆ ಯಾರೋ ಹೆಂಗಸು ಗೋಳಾಡುತ್ತಿದ್ದಳು. ನೀಲಗಂಗಾಗೆ ಗೊತ್ತಿತ್ತು: ತನ್ನ ಎಣಿಕೆ ತಪ್ಪಿದ್ದರೆ ಆ ಜೀವಗಳ ಹೊಣೆಯೆಲ್ಲ ತನ್ನ ಮೇಲೆ. ಆದರೂ ಅವಸರ ಮಾಡಲಿಲ್ಲ. ಸುಟ್ಟ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೂಸುತ್ತ ಹೋದಳು.

ಟ್ರಾನ್ಸ್‌ಫಾರ್ಮರಿನ ಹಿಂದೆ ಒಂದು ಹಲ್ಲಿ. ಮಳೆಗೆ ಹೆದರಿ ಬೆಚ್ಚಗಿನ ಜಾಗ ಹುಡುಕಿ ಬಂದಿತ್ತು. ಕಾಲು ತಂತಿಯ ಮೇಲೆ, ಬಾಲ ಕಬ್ಬಿಣದ ಮೇಲೆ, ಸುಟ್ಟು ಕರಕಲಾಗಿತ್ತು. ಕರೆಂಟೆಲ್ಲ ಅದರ ಮೈಮೇಲೆಯೇ ಹರಿದುಹೋಗುತ್ತಿತ್ತು.

ಇಕ್ಕಳದಿಂದ ಅದನ್ನು ತೆಗೆದಳು. ಮಸಿ ಒರೆಸಿದಳು. ಹೊಸ ಎಳೆ ಹಾಕಿ, ಮುಚ್ಚಳ ಮುಚ್ಚಿ, ಸ್ವಿಚ್ ಒತ್ತಿದಳು.

ಎಳೆ ಕಡಿಯದೆ ನಿಂತಿತು. ವಾಲ್ವ್ ಕೆಂಪಗೆ ಬೆಳಗಿತು.

ಅಜ್ಜಾರು ಕೂತಿದ್ದ ಕುರ್ಚಿಯ ಪಕ್ಕ ನಿಂತುಕೊಂಡೇ ಮೈಕು ಹಿಡಿದು ಕೂಗಿದಳು. ಗರಗರದ ನಡುವಿನಿಂದ ದೂರದ ಊರು ಉತ್ತರ ಕೊಟ್ಟಿತು. ದೋಣಿ ಹೊರಟಿತು.

ಸಂಜೆಯೊಳಗೆ ಕುರಿಗಾರರೆಲ್ಲ ಈ ದಡಕ್ಕೆ ಬಂದರು. ಗೌಡರು ತಮ್ಮನನ್ನು ತಬ್ಬಿಕೊಂಡು ಮನಸಾರೆ ಅತ್ತರು. ಅತ್ತು ಮುಗಿಸಿ ರೇಡಿಯೋದ ಕೋಣೆಗೆ ಬರುವಷ್ಟರಲ್ಲಿ ಹಳೆಯ ಗತ್ತು ವಾಪಸು ಬಂದಿತ್ತು.

“ಆತು, ಒಳ್ಳೇದೇ ಆತು. ಆದ್ರ ಅಜ್ಜಾರ, ಮಂದಿ ಮುಂದ ಗುರುವಿಗೇ ಒಲ್ಲೆ ಅಂದ್ಲು. ಇಂಥಾಕಿಗೆ ಏನ್ ಮಾಡ್ತೀರಿ?”

ನೀಲಗಂಗಾ ತಲೆ ತಗ್ಗಿಸಲಿಲ್ಲ. ನಾಳೆ ಕೇಳಿದರೂ ಅವಳು ಅದೇ ಮಾತು ಹೇಳುವವಳು. ಹೊರಗೆ ಹಾಕಿದರೆ ಹೋಗುತ್ತೇನೆ ಎಂದು ಆಗಲೇ ತೀರ್ಮಾನಿಸಿ, ಕೋಲು ಹಿಡಿದುಕೊಂಡೇ ನಿಂತಿದ್ದಳು.

ಅಜ್ಜಾರು ಕುರ್ಚಿಯಿಂದ ಎದ್ದರು. ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸಿ, ಅವಳ ಕಡೆಗೆ ಸರಿಸಿದರು.

“ಗೌಡ್ರ, ಇಷ್ಟು ವರ್ಷ ಈ ಮಠದಾಗ ನಾ ತಪ್ಪಿದಾಗ ಒಲ್ಲೆ ಅನ್ನಾವ್ರು ಒಬ್ರೂ ಇದ್ದಿಲ್ಲ. ಇವತ್ತ ನನಗ ನಿದ್ದಿ ಬರ್ತೈತಿ.”