ಬದನೆಯ ಕರಿಸಿಪ್ಪೆ

ಬದನೆಕಾಯಿಯ ತಿರುಳು ಈಳಿಗೆಮಣೆಗೆ ದೂರು ಹೇಳಿತು: "ನಾನು ಹಾಲಿನಂತೆ ಬಿಳಿ. ಈ ಕರಿಸಿಪ್ಪೆ ಹುಟ್ಟಿದಾಗಿನಿಂದ ನನ್ನನ್ನು ಮುಚ್ಚಿಟ್ಟಿದೆ. ತೆಗೆದುಬಿಡು."

"ಗಿಡದಲ್ಲಿದ್ದಷ್ಟು ದಿನವೂ ನಿನ್ನ ಪಾಲಿನ ಬಿಸಿಲಿನ ಏಟು ತಿಂದದ್ದು ಈ ಬಣ್ಣವೇ," ಎಂದಿತು ಸಿಪ್ಪೆ.

"ಸುಳ್ಳು! ಬಿಸಿಲಿಗೆ ಸುಟ್ಟು ಕಪ್ಪಾದವಳು ನೀನು," ಎಂದು ತಿರುಳು ನಕ್ಕಿತು.

ಈಳಿಗೆ ಸಿಪ್ಪೆ ತೆಗೆಯಿತು. ತಿರುಳು ಕಪ್ಪಾಗದಂತೆ ಮುಳುಗಿಸಿಡಲು ನೀರು ತರಹೋದ ಮನೆಯಾಕೆ ದೇವೀರಮ್ಮ ನೆರೆಯವಳೊಡನೆ ಮಾತಿಗೆ ನಿಂತಳು. ಅಂಗಳದ ಬಿಸಿಲಲ್ಲಿ ತಿರುಳು ಕಂದುಗಟ್ಟಿ ಸುಕ್ಕಾಯಿತು. ಕಸದ ಮೊರದಲ್ಲಿ ಸಿಪ್ಪೆ ಇನ್ನೂ ಮಿನುಗುತ್ತಿತ್ತು.

ತಿರುಳು ತಲೆ ತಗ್ಗಿಸಿ ಬೇಡಿತು: "ಅಕ್ಕಾ, ಬಂದು ನನ್ನನ್ನು ಮುಚ್ಚು. ಬಿಸಿಲಿಗೆ ಹೆದರಿ ಅಲ್ಲ, ಯಾರಿಗೂ ಮುಖ ತೋರಿಸಲಾರೆ."

"ಬಿಸಿಲು ತಡೆಯುವ ಬಣ್ಣ ನನ್ನಲ್ಲಿದೆ, ತಂಗೀ," ಎಂದಿತು ಸಿಪ್ಪೆ. "ನಾಚಿಕೆ ತಡೆಯುವ ಬಣ್ಣ ಇಲ್ಲ."