ಹೊಳೆಗೆ ಬಿಟ್ಟ ದಾರಿ

"ಕೇಳಿರಪ್ಪೋ ಕೇಳಿ! ನೆರೆಗೆ ಕುಸಿದ ನಮ್ಮ ಊರನ್ನು ಮತ್ತೆ ಕಟ್ಟುವ ಬಗ್ಗೆ ರಾಜಕುಮಾರಿ ಹೊನ್ನಾಜಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವನಿಗೆ ಅವರ ಕೈ, ತಪ್ಪಿದವನಿಗೆ ತಲೆದಂಡ! ಇದು ಮಹಾರಾಜರ ಅಪ್ಪಣೆ!"

ಕೆಂಪೊಳೆಯ ದಂಡೆಯಲ್ಲಿ ಡಂಗುರ ಸಾರಿದ್ದೇ ತಡ, ಇಬ್ಬರು ರಾಜಕುಮಾರರು ಕುದುರೆ ಏರಿ ಬಂದರು. ಮೇದಾರ ಕೇರಿಯ ಚಿಕ್ಕೀರ ನಡೆದೇ ಬಂದ. ಅವನಿಗೆ ಮದುವೆಯ ಆಸೆಯೇನೂ ಇರಲಿಲ್ಲ. ಹೋದ ಮಳೆಗಾಲದಲ್ಲಿ ಕೇರಿ ಮಾಡಿನವರೆಗೆ ಮುಳುಗಿ, ಅವನ ಅವ್ವ ಮರ ಹತ್ತಿ ಜೀವ ಉಳಿಸಿಕೊಂಡಿದ್ದಳು. ಇನ್ನೊಂದು ನೆರೆ ಬಂದರೆ ಅವಳು ಉಳಿಯುವುದಿಲ್ಲ ಎಂಬ ಭಯವೇ ಅವನನ್ನು ಅಲ್ಲಿಗೆ ತಂದಿತ್ತು.

ರಾಜ, ಮಂತ್ರಿ ಎಲ್ಲ ಕೂತಿದ್ದ ಸಭೆಯಲ್ಲಿ ಹೊನ್ನಾಜಿ ಕೇಳಿದಳು: "ಬೇಸಿಗೆಯಲ್ಲಿ ಆ ನೆಲವನ್ನು ಎಲ್ಲರೂ ನನ್ನದು ಅನ್ನುತ್ತಾರೆ. ಮಳೆಗಾಲದಲ್ಲಿ ಒಡತಿ ಬಂದರೆ ಎಲ್ಲರೂ ಓಡುತ್ತಾರೆ. ಯಾರದು ಆ ನೆಲ?"

"ನನ್ನ ಮಾವನವರಾಗುವ ಮಹಾರಾಜರದು!" ಎಂದ ಮೊದಲನೆಯವನು. ಮದುವೆಗೆ ಮುಂಚೆಯೇ ಮಾವ! ತಲೆದಂಡದ ದಿನದವರೆಗೆ ಇರಲಿ ಎಂದು ಕಾವಲಿನವರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಎರಡನೆಯವನು "ಹೊಳೆಯದು" ಎಂದು ಆ ಒಗಟು ಗೆದ್ದ.

"ಹಗೆಯನ್ನು ತಡೆದರೆ ಬೀಳುತ್ತದೆ, ಒಳಗೆ ಬಿಟ್ಟರೆ ನಿಲ್ಲುತ್ತದೆ. ಯಾವುದು?"

"ಕೋಟೆ!" ಎಂದ ಅವನೇ. ಹಗೆಯನ್ನು ಒಳಗೆ ಬಿಡುವುದು ಅದೆಂಥ ಕೋಟೆಯೋ, ಶಿವನೇ ಬಲ್ಲ. ಅವನೂ ಸೆರೆಮನೆ ಸೇರಿದ.

ಚಿಕ್ಕೀರ ಮುಂದೆ ಬಂದ. "ನೆಲ ಹೊಳೆಯದೇ, ತಾಯಿ. ಹಗೆ ಅಂದರೆ ನೆರೆ ನೀರು, ನಿಲ್ಲುವುದು ನಮ್ಮ ಗೋಡೆ. ಮಳೆಗಾಲ ಶುರುವಾಗುತ್ತಲೇ ನಾವು ಗೋಡೆಯ ಬುಡದ ಬಿದಿರಿನ ತಟ್ಟಿಗಳನ್ನು ಬಿಚ್ಚಿಡುತ್ತೇವೆ. ನೀರು ಹಾಯ್ದು ಹೋಗುತ್ತದೆ, ಗೋಡೆ ನಿಲ್ಲುತ್ತದೆ."

"ಒಬ್ಬ ತಾನು ಉಳಿಯಲೆಂದು ಎತ್ತರವಾದ. ಅದಕ್ಕೇ ನೆರೆಮನೆಯವನು ಮುಳುಗಿದ. ಯಾರವನು?"

ಮಂತ್ರಿಗೆ ಉತ್ತರ ಗೊತ್ತಿತ್ತು. ಸಭೆಗೂ ಗೊತ್ತಿತ್ತು. ಎಲ್ಲರೂ ನೆಲ ನೋಡಿದರು. ಚಿಕ್ಕೀರನಿಗೆ ಅವ್ವನ ಮುಖ ನೆನಪಾಯಿತು.

"ನೀವೇ, ಒಡೆಯಾ."

"ಏನಂದೆ?" ಎಂದ ರಾಜ.

"ನೀವು ಹೊಳೆಯ ಬಯಲಿಗೆ ಮಣ್ಣು ತುಂಬಿಸಿ ಅರಮನೆ ಏರಿಸಿದಿರಿ. ಅಲ್ಲಿ ಹರಡಬೇಕಿದ್ದ ನೀರು ನಮ್ಮ ಕೇರಿಗೆ ನುಗ್ಗಿತು. ಕಂಬದ ಮೇಲೆ ಕಟ್ಟಿದ್ದರೆ ಅಡಿಯಲ್ಲೇ ಹರಿದುಹೋಗುತ್ತಿತ್ತು."

ರಾಜ ಮಗಳ ಕಡೆ ತಿರುಗಿದ. "ಸರಿಯೇನಮ್ಮಾ?"

"ಸರಿ ಅಪ್ಪಾಜಿ. ನಾನು ಸುಮ್ಮನೆ ಹೇಳಿದ್ದರೆ ಕೇಳುತ್ತಿದ್ದಿರಾ?"

ರಾಜ ಸಿಂಹಾಸನ ಬಿಟ್ಟು ಇಳಿದು ಬಂದ. ಆಮೇಲೆ, "ಏನು ಬೇಕೋ ಕೇಳಪ್ಪಾ" ಎಂದ.

"ಆ ಇಬ್ಬರನ್ನೂ ಬಿಡಿ. ಮಳೆ ಬರುವ ಮೊದಲು ಮಣ್ಣು ತೆಗೆಸಿ, ಅರಮನೆಯನ್ನು ಕಂಬದ ಮೇಲೆ ನಿಲ್ಲಿಸಿ. ಮದುವೆ ಆಮೇಲೆ, ರಾಜಕುಮಾರಿಯವರು ಒಪ್ಪಿದರೆ."

ಹೊನ್ನಾಜಿ ನಕ್ಕಳು. ಮೊದಲ ಗುದ್ದಲಿ ರಾಜನೇ ಹಾಕಿದ. ಹೊಳೆಯ ಬಯಲಲ್ಲಿ ಇನ್ನು ಯಾರೂ ಹೊಸ ಮನೆ ಕಟ್ಟಬಾರದು, ದಂಡೆಯ ಗೋಡೆಗೆಲ್ಲ ಕಿಂಡಿ ಇರಬೇಕು ಎಂದು ಮತ್ತೆ ಡಂಗುರ ಸಾರಿದರು. ಆ ವರ್ಷದ ನೆರೆ ಅರಮನೆಯ ಕಂಬಗಳ ನಡುವೆ ಹಾದುಹೋಯಿತು. ಮಳೆ ಕಳೆದ ಮೇಲೆ ಅವ್ವ ತನ್ನ ಮನೆಯ ಒಣ ನೆಲದಲ್ಲೇ ಮಗನನ್ನು ಕೂರಿಸಿ ಮದುವೆಯ ಅರಿಸಿನ ಹಚ್ಚಿದಳು.